ಬೆಟ್ಟದ ದಾರಿಯ ಐವರು

ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಕಾರುಗಳ ಒಳಾಂಗಣ ವಿನ್ಯಾಸ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಡ್ಯಾಶ್‌ಬೋರ್ಡಿನ ತಿರುವು, ಬಾಗಿಲ ಹಿಡಿಕೆಯ ಉಬ್ಬು, ಮೊಣಕೈ ಊರುವ ಜಾಗದ ತಗ್ಗು, ಇವನ್ನೆಲ್ಲ ಕಂಪ್ಯೂಟರ್ ಪರದೆಯ ಮೇಲೆ ತಿದ್ದುವುದು ನನ್ನ ಕೆಲಸ. ಊರೂರಿನ ಜನ ಕೈಯಿಟ್ಟು ಕೂರುವ ಜಾಗಗಳನ್ನು ನಾನು ರೂಪಿಸಿದ್ದೆ, ಆದರೆ ನನ್ನ ಕೈಯಿಂದ ಏನನ್ನೂ ಮಾಡಿರಲಿಲ್ಲ. ನನಗೆ ಐವತ್ತು ದಾಟಿ ಕೆಲವು ವರ್ಷವಾಗಿದ್ದಾಗ ಕಂಪನಿಯನ್ನು ಬೇರೆಯವರು ಕೊಂಡರು, ನಮ್ಮ ವಿಭಾಗ ಮುಚ್ಚಿತು. ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತಾಡಿದರು. ದುಡಿದದ್ದು ಸಾಕು, ಇನ್ನು ಆರಾಮಾಗಿರಿ. ಮಗಳು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದಾಳೆ, ನಾಳೆ ಅವಳಿಗೆ ಮಕ್ಕಳಾದರೆ ನೋಡಿಕೊಳ್ಳಬಹುದು, ಅಲ್ಲಿಯವರೆಗೆ ಭಜನೆಗೆ ಬನ್ನಿ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ನನ್ನನ್ನು ಮಡಿಚಿ ಬೀರುವಿನೊಳಗೆ ಇಡುತ್ತಿದ್ದಾರೆ ಅನ್ನಿಸಿ ಸಿಟ್ಟು ಬರುತ್ತಿತ್ತು.

ಆ ಸಿಟ್ಟಿನ ದಿನಗಳಲ್ಲೇ ಜಪಾನಿನ ಚಿತ್ರ ಸಿಕ್ಕಿತು. ತೀರಿಕೊಂಡವರ ಮನೆಯ ಸಾಮಾನುಗಳನ್ನು ಅದೇ ಮನೆಯಲ್ಲಿ ಹರಡಿಟ್ಟು ಮಾರುವ ಎಸ್ಟೇಟ್ ಸೇಲ್ ನಮ್ಮ ಕಡೆ ಶನಿವಾರ ಬಂತೆಂದರೆ ಎಲ್ಲಾದರೂ ಇದ್ದೇ ಇರುತ್ತದೆ. ನನ್ನ ಗಂಡನಿಗೆ ಹಳೆಯ ಸ್ಪ್ಯಾನರು, ಗರಗಸಗಳ ಹುಚ್ಚು. ಅವರು ಗ್ಯಾರೇಜಿನಲ್ಲಿ ಹುಡುಕುತ್ತಿದ್ದಾಗ ನಾನು ಸುಮ್ಮನೆ ಮನೆಯೊಳಗೆ ಅಡ್ಡಾಡುತ್ತಿದ್ದೆ. ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲ ಗೋಡೆಯ ಮೇಲೆ, ಬಿರುಕು ಬಿಟ್ಟ ಗಾಜಿನ ಹಿಂದೆ, ಆ ಚಿತ್ರವಿತ್ತು.

ದೊಡ್ಡದೇನಲ್ಲ, ದಿನಪತ್ರಿಕೆಯ ಅರ್ಧ ಪುಟದಷ್ಟು. ಕಡಿದಾದ ಒಂದು ಬೆಟ್ಟ, ಅದರ ಹಿಂದೆ ಇನ್ನೊಂದು, ಅದರಾಚೆ ಮತ್ತೊಂದು. ದೂರ ಹೋದಂತೆ ನೀಲಿ ತೆಳುವಾಗುತ್ತ ಕೊನೆಗೆ ಕಾಗದದ ಬಣ್ಣದಲ್ಲೇ ಕರಗಿಹೋಗುತ್ತದೆ. ಬೆಟ್ಟದ ಪಕ್ಕೆಯನ್ನು ಬಳಸಿಕೊಂಡು ಕಿರಿದಾದ ದಾರಿ. ದಾರಿಯಲ್ಲಿ ಐವರು. ಒಬ್ಬ ಕುದುರೆಯ ಮೇಲೆ, ಒಬ್ಬ ಅದರ ಹಗ್ಗ ಹಿಡಿದು ಮುಂದೆ, ಇಬ್ಬರು ಅಡ್ಡಗೋಲಿಗೆ ಪೆಟ್ಟಿಗೆ ಕಟ್ಟಿ ಹೆಗಲ ಮೇಲೆ ಹೊತ್ತು, ಎಲ್ಲರಿಗಿಂತ ಹಿಂದೆ ಕಪ್ಪು ನಿಲುವಂಗಿಯ ಒಬ್ಬರು ಕೋಲೂರಿಕೊಂಡು. ಹುಲ್ಲಿನ ಅಗಲ ಟೋಪಿಗಳು ಎಲ್ಲರ ಮುಖವನ್ನೂ ಮುಚ್ಚಿದ್ದವು. ಮುಖವೇ ಕಾಣದಿದ್ದರೂ ಯಾರಿಗೆ ದಣಿವಾಗಿದೆ, ಯಾರಿಗೆ ಬೇಸರವಾಗಿದೆ, ಯಾರು ಹಾಡಿಕೊಳ್ಳುತ್ತಿರಬಹುದು ಎಂದು ಹೇಳಬಹುದಿತ್ತು. ನಡಿಗೆಯಲ್ಲೇ ಎಲ್ಲ ಇತ್ತು.

ಯಾರ ಚಿತ್ರ, ಯಾವ ಬೆಟ್ಟ, ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಹಳೆಯ ಮರದಚ್ಚಿನ ಹಲಗೆಗಳಿಂದ ಎಷ್ಟೋ ಕಾಲದ ಮೇಲೆ ತೆಗೆದ ಪ್ರತಿಯಿರಬೇಕು, ವಿಶೇಷವೇನಿಲ್ಲ ಎಂದರು. ನಾನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಾಗ ಗಂಡ ನೋಡಿ, "ಗ್ವಾಡಿ ಎಲ್ಲಿ ಖಾಲಿ ಅದ ನಮ್ಮನ್ಯಾಗ?" ಎಂದರು. ಊಟದ ಮೇಜಿನ ಎದುರಿಗಿದ್ದ ಕ್ಯಾಲೆಂಡರ್ ತೆಗೆದು ಅಲ್ಲಿ ಹಾಕಿದೆ.

ದಿನಾ ಕಾಫಿ ಕುಡಿಯುತ್ತ ಅದನ್ನೇ ನೋಡುತ್ತಿದ್ದೆ. ಆಕಾಶದಲ್ಲಿ ಉದ್ದುದ್ದ ಗೆರೆಗಳು ಕಂಡವು. ಮೋಡವಿರಬೇಕು ಎಂದುಕೊಂಡಿದ್ದೆ. ಒಂದು ದಿನ ಕನ್ನಡಕ ಹಾಕಿಕೊಂಡು ಹತ್ತಿರ ಹೋದಾಗ ಅದು ಮರದ ಎಳೆ ಎಂದು ತಿಳಿಯಿತು. ಮರದ ಹಲಗೆಗೆ ಬಣ್ಣ ಹಚ್ಚಿ ಕಾಗದ ಒತ್ತಿದಾಗ ಹಲಗೆಯ ಎಳೆಗಳೂ ಇಳಿದುಬಂದಿದ್ದವು. ಕುದುರೆಯ ಬಾಲದ ಕೂದಲಿನಂಥ ಗೆರೆಯನ್ನು ಯಾರೋ ಉಳಿಯಿಂದ ಬಿಡಿಸಿದ್ದರು. ನನ್ನ ಬೆರಳು ತನ್ನಷ್ಟಕ್ಕೆ ಗಾಜಿನ ಮೇಲೆ ಆ ಗೆರೆಯನ್ನು ಹಿಂಬಾಲಿಸಿತು. ಮರುವಾರವೇ ಡೆಟ್ರಾಯಿಟ್‌ನ ಹಳೆಯ ಕಾರ್ಖಾನೆಯೊಂದರಲ್ಲಿ ನಡೆಯುವ ಮುದ್ರಣ ಸ್ಟುಡಿಯೋಗೆ ಸೇರಿದೆ.

ಅಲ್ಲಿ ಕಲಿಸುತ್ತಿದ್ದವರು ಆ ಊರಿನಲ್ಲೇ ಹುಟ್ಟಿ ಬೆಳೆದ ಕಪ್ಪು ಮಹಿಳೆ, ಎಪ್ಪತ್ತು ದಾಟಿದವರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ನನ್ನ ಫೋನಿನಲ್ಲಿದ್ದ ಜಪಾನಿನ ಚಿತ್ರ ನೋಡಿ, ಇದನ್ನೇ ನಕಲು ಮಾಡು ಎಂದರು. "ಕಲಿಯುವುದಕ್ಕೆ ನಕಲು ಮಾಡಬಹುದು. ಕಲಿತ ಮೇಲೂ ಅದನ್ನೇ ಮಾಡುತ್ತಿದ್ದರೆ ನಾನು ನಿನ್ನನ್ನು ಹೊರಗೆ ಹಾಕುತ್ತೇನೆ." ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕೆ. ಅವರು ನಗಲಿಲ್ಲ.

ಮರದಚ್ಚಿನ ಕೆಲಸ ತಲೆಕೆಳಗಿನ ಕೆಲಸ. ಬೇಕಾದ ಗೆರೆಯನ್ನು ಬಿಟ್ಟು ಅದರ ಸುತ್ತಲಿನದನ್ನೆಲ್ಲ ಕೆತ್ತಿ ತೆಗೆಯಬೇಕು. ಬಲ ಎಡವಾಗುತ್ತದೆ, ಎಡ ಬಲವಾಗುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಹಲಗೆ. ಕಾಗದ ಇಸ್ತ್ರಿಗೆ ಮೊದಲು ನೀರು ಚಿಮುಕಿಸಿದ ಬಟ್ಟೆಯಷ್ಟು ತೇವವಿರಬೇಕು, ಬಣ್ಣಕ್ಕೆ ಅಕ್ಕಿ ಗಂಜಿ ಬೆರೆಸಬೇಕು, ಬಿದಿರಿನ ಸಿಪ್ಪೆ ಸುತ್ತಿದ ದುಂಡನೆಯ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜಬೇಕು. ಮೊದಲ ತಿಂಗಳುಗಳಲ್ಲಿ ನನ್ನ ಕುದುರೆ ನಾಯಿಯಂತೆ ಬಂತು, ಬೆಟ್ಟ ಮಡಿಚಿಟ್ಟ ಕಂಬಳಿಯಂತೆ. ಎಡಗೈ ಹೆಬ್ಬೆರಳಿಗೆ ಸದಾ ಬ್ಯಾಂಡೇಜು. ಮನೆಯಲ್ಲಿ ಊಟದ ಮೇಜೇ ಕೆಲಸದ ಮೇಜಾಯಿತು, ಪಲ್ಯದಲ್ಲಿ ಮರದ ಚೂರು ಸಿಗತೊಡಗಿತು. "ಇದು ಶೋಕಿ ಅಲ್ಲ, ಟೊಂಕ ಮುರಿಯೂ ಕೆಲ್ಸ. ಯಾಕ ಮಾಡ್ಕೋತಿ?" ಎಂದು ಗಂಡ ಒಮ್ಮೆ ಕೇಳಿದರು. ನನಗೆ ಬೇಕು, ಅದಕ್ಕ, ಎಂದೆ. ಅಷ್ಟೇ ಉತ್ತರವಿದ್ದದ್ದು.

ಮಗಳ ಮನೆಗೆ ಹೋದಾಗ ಇಬ್ಬರೂ ಶಿಕಾಗೋದ ದೊಡ್ಡ ಮ್ಯೂಸಿಯಂಗೆ ಹೋದೆವು. ಮಬ್ಬು ಬೆಳಕಿನ ಕೋಣೆಯಲ್ಲಿ ಅಂಥ ಹಳೆಯ ಚಿತ್ರಗಳನ್ನು ಸಾಲಾಗಿ ಹಾಕಿದ್ದರು. ಬೆಟ್ಟ, ಕಣಿವೆ, ಸೇತುವೆ, ಎಲ್ಲದರಲ್ಲೂ ನಡೆಯುವ ಜನ. ನಾನು ಗೆರೆ ನೋಡುತ್ತಿದ್ದೆ. ಮಗಳು ಸಾಲಿನ ಕೊನೆಯವರೆಗೆ ನೋಡಿಬಂದು, "ಅಮ್ಮಾ, ನೋಬಡಿ ಈಸ್ ಲುಕಿಂಗ್ ಅಟ್ ದ ಮೌಂಟನ್," ಎಂದಳು. ಹೌದು. ನೋಡುವ ನಮಗೆ ಬೆಟ್ಟ ಚಂದ. ಅಲ್ಲಿರುವವರು ಯಾರೂ ತಲೆಯೆತ್ತಿರಲಿಲ್ಲ. ಒಬ್ಬ ಚಪ್ಪಲಿಯ ಹುರಿ ಬಿಗಿದುಕೊಳ್ಳುತ್ತಿದ್ದ, ಒಬ್ಬ ಮುಂದಿನವನ ಹೆಗಲ ಮೇಲಿನ ಗಂಟನ್ನು ನೋಡುತ್ತಿದ್ದ. ಅವರು ಅಲ್ಲಿಗೆ ಬೆಟ್ಟ ನೋಡಲು ಬಂದವರಲ್ಲ, ದಾಟಲು ಬಂದವರು.

ನನ್ನದೇ ಚಿತ್ರ ಮಾಡಲು ಕೂತಾಗ ಆ ಮಾತು ತಲೆಯಲ್ಲಿತ್ತು. ನಮ್ಮ ಕಡೆ ಬೆಟ್ಟವೆಲ್ಲಿದೆ? ಮೈಲಿಗಟ್ಟಲೆ ಚಪ್ಪಟೆ ನೆಲ. ಇರುವುದೊಂದು ಪಾರ್ಕಿನ ದಿಬ್ಬ. ಎಷ್ಟೋ ಕಾಲ ಕಸ ಸುರಿದು, ಮೇಲೆ ಮಣ್ಣು ಹಾಕಿ, ಹುಲ್ಲು ಬೆಳೆಸಿದ್ದು. ಹಿಮ ಬಿದ್ದರೆ ಮಕ್ಕಳು ಜಾರಲು ಬರುತ್ತಾರೆ. ಬೆಳಿಗ್ಗೆ ನಾವು ಐವರು ಅದನ್ನೇ ಹತ್ತಿ ಇಳಿಯುತ್ತೇವೆ. ನಾನು, ನನ್ನ ಗಂಡ, ದಾವಣಗೆರೆ ಕಡೆಯ ನಿವೃತ್ತ ಡಾಕ್ಟರ್ ಆಂಟಿ, ಸ್ಟ್ರೋಲರ್‌ನಲ್ಲಿ ಮಗುವನ್ನು ಕೂರಿಸಿಕೊಂಡು ಬರುವ ಬೆಂಗಳೂರಿನ ಹುಡುಗಿ ಮತ್ತು ನನ್ನ ಗೆಳತಿ.

ಗೆಳತಿ ವಿಜಯಪುರದವಳು. ಅವಳೂ ಅವಳ ಗಂಡನೂ ಸೇರಿ ಹತ್ತಿರದಲ್ಲೇ ಒಂದು ಸಣ್ಣ ಔಷಧ ಅಂಗಡಿ ನಡೆಸುತ್ತಾರೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಇಂಗ್ಲಿಷು, ನನ್ನ ಜೊತೆ ನಮ್ಮ ಕಡೆಯ ಕನ್ನಡ. ನಾನು ಗದಗಿನವಳು ಎಂದು ತಿಳಿದ ದಿನ, "ಅಕ್ಕಾ, ಇನ್ನ ನಾ ನಿಮ್ಮ ಮುಂದ ಬೆಂಗಳೂರು ಕನ್ನಡಾ ಆಡೂ ತ್ರಾಸ ತಗೋಳಂಗಿಲ್ಲ," ಎಂದಿದ್ದಳು. ತಲೆಗೆ ಸದಾ ಸ್ಕಾರ್ಫ್ ಕಟ್ಟುತ್ತಾಳೆ, ಹೆಚ್ಚಾಗಿ ಕಡು ಬಣ್ಣದ್ದು. ನಮ್ಮೆಲ್ಲರಿಗಿಂತ ಚುರುಕಾಗಿ ನಡೆಯುತ್ತಾಳೆ.

ನನ್ನ ಚಿತ್ರದಲ್ಲಿ ಈ ಐವರನ್ನು ಹಾಕಿದೆ. ಜಪಾನಿನ ಚಿತ್ರದಂತೆಯೇ ದೊಡ್ಡ ಬೆಟ್ಟ, ಬಳಸುವ ದಾರಿ. ಆದರೆ ಬೆಟ್ಟ ಕಸದ ದಿಬ್ಬ, ದೂರದಲ್ಲಿ ಹೈವೇಯ ದೀಪದ ಕಂಬಗಳು. ಕುದುರೆಯ ಜಾಗದಲ್ಲಿ ಸ್ಟ್ರೋಲರ್. ಡಾಕ್ಟರ್ ಆಂಟಿ ಕೈಯಲ್ಲಿ ಹಿಮದಲ್ಲಿ ಜಾರುವವರು ಹಿಡಿಯುವಂಥ ಎರಡು ಸ್ಕೀ ಕೋಲು, ನನ್ನ ತಲೆಗೆ ಶಾಲು, ಗಂಡ ಬೆನ್ನ ಹಿಂದೆ ಕೈ ಕಟ್ಟಿಕೊಂಡು. ಹಳೆಯ ಚಿತ್ರದಲ್ಲಿ ಎಲ್ಲರಿಗಿಂತ ಹಿಂದೆ ಕಪ್ಪು ನಿಲುವಂಗಿಯವರು ಇದ್ದರಲ್ಲ, ಆ ಜಾಗದಲ್ಲಿ ಗೆಳತಿ ಬಂದಳು. ಕಡು ಬಣ್ಣದ ಸ್ಕಾರ್ಫು, ಉದ್ದ ಕೋಟು, ಕೈಯಲ್ಲಿ ಕೋಲು. ಯಾರ ಮುಖವೂ ಕಾಣುವುದಿಲ್ಲ. ಮೊದಲ ಸರಿಯಾದ ಪ್ರತಿ ಬಂದಾಗ ಗುರುಗಳು ಅದನ್ನು ಬೆಳಕಿಗೆ ಹಿಡಿದು, "ಈಗ ನೀನು ಇಲ್ಲಿ ಇರಬಹುದು," ಎಂದರು.

ನಮ್ಮ ಸುತ್ತಲಿನ ಕೆಲವು ಕನ್ನಡ ಕುಟುಂಬಗಳು ಸೇರಿ ನಡೆಸುವ ಒಂದು ಚಿಕ್ಕ ಬಳಗವಿದೆ. ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತಾರೆ, ಒಂದು ಸ್ಮರಣ ಸಂಚಿಕೆ ತರುತ್ತಾರೆ. ನನ್ನ ಗಂಡ ಬಳಗದ ಸಮಿತಿಯಲ್ಲಿದ್ದರು. ಆ ವರ್ಷದ ಸಂಚಿಕೆಗೆ ನಾವು ನಡೆದು ಬಂದ ದಾರಿ ಎಂಬ ವಿಷಯ ಇಟ್ಟುಕೊಂಡಿದ್ದರು. ಚಿತ್ರದ ಫೋಟೋವನ್ನು ಗಂಡ ಹೆಮ್ಮೆಯಿಂದ ಎಲ್ಲರಿಗೂ ಕಳಿಸಿದರು. ಮುಖಪುಟಕ್ಕೆ ಇದೇ ಇರಲಿ ಎಂದು ಉತ್ತರ ಬಂತು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಒಂದು ವಾರ ಕಳೆದು ಬಳಗದ ಅಧ್ಯಕ್ಷರು ಮನೆಗೆ ಬಂದರು. ಮೈಸೂರಿನವರು, ಹಿರಿಯರು, ಒಳ್ಳೆಯವರು. ನನ್ನ ಗಂಡನಿಗೆ ಆಪರೇಷನ್ ಆದಾಗ ಅವರ ಮನೆಯಿಂದಲೇ ನಮಗೆ ಊಟ ಬರುತ್ತಿತ್ತು. ಅಂಕಲ್ ಎಂದೇ ನಾವು ಕರೆಯುವುದು. ಮೇಜಿನ ಮೇಲಿದ್ದ ಪ್ರತಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ತುಂಬಾ ಚೆನ್ನಾಗಿದೆಯಮ್ಮ. ನಮ್ಮೋರಲ್ಲಿ ಯಾರೂ ಇಂಥದ್ದು ಮಾಡಿಲ್ಲ. ಒಂದು ಸಣ್ಣ ವಿಷಯ ಇದೆ, ತಪ್ಪು ತಿಳ್ಕೋಬೇಡ."

"ಹೇಳ್ರಿ ಅಂಕಲ್."

"ಈ ಹಿಂದ್ಗಡೆ ಇರೋರು. ತಲೆಗೆ ಕಟ್ಕೊಂಡಿದಾರಲ್ಲ, ಅದು."

"ಅವ್ರು ಯಾರಂತ ನಿಮಗ ಗೊತ್ತದ."

"ಗೊತ್ತಮ್ಮ. ನನ್ನ ಬಿಪಿ ಮಾತ್ರೆ ಎಲ್ಲಾ ಅವರಂಗಡೀದೇ. ನನಗೇನೂ ಇಲ್ಲ. ಆದ್ರೆ ಕಮಿಟಿಲಿ ಕೆಲವರು ಬೇರೆ ಥರ ಮಾತಾಡ್ತಿದಾರೆ. ಕವರ್ ಪೇಜ್ ಅಂದ್ರೆ ಎಲ್ಲರ ಮನೆಗೂ ಹೋಗುತ್ತೆ. ಸುಮ್ನೆ ಯಾಕೆ ಅಂತ." ಅವರು ಬೆರಳಿನಿಂದ ಆ ಆಕೃತಿಯ ತಲೆಯನ್ನು ಮುಚ್ಚಿ ತೋರಿಸಿದರು. "ಇಲ್ಲಿ ಒಂದು ಚಳಿ ಟೋಪಿ ಮಾಡ್ಬಿಡು, ಸಾಕು. ಮರದ ಕೆಲಸ ತಾನೆ, ಒಂಚೂರು ಕೆತ್ತಿದ್ರೆ ಆಯ್ತು. ಯಾರಿಗೂ ಗೊತ್ತಾಗಲ್ಲ."

ಕೆತ್ತುವುದು ನಿಜಕ್ಕೂ ಸುಲಭವಿತ್ತು. ಆ ಸ್ಕಾರ್ಫಿನ ಅಂಚು ಹಲಗೆಯ ಮೇಲೆ ಅಕ್ಕಿಕಾಳಿನಷ್ಟು ಅಗಲದ ಉಬ್ಬು. ಉಳಿ ಒಮ್ಮೆ ಒತ್ತಿದರೆ ಹಾರಿಹೋಗುತ್ತದೆ.

"ಅಂಕಲ್, ಇದ್ರಾಗ ನನ್ನ ತಲೀ ಮ್ಯಾಲೂ ಶಾಲು ಅದ. ಅದಕ್ಕೂ ಟೋಪಿ ಮಾಡ್ಲೇನು?"

"ಅದು ಬೇರೆ, ಇದು ಬೇರೆ ಅಂತ ನಿನಗೂ ಗೊತ್ತು."

"ಗೊತ್ತದ. ಅದಕ್ಕ ತಗಿಯಂಗಿಲ್ಲ."

ಅವರು ಇನ್ನೂ ಕೆಲವು ಮಾತು ಹೇಳಿದರು. ಬಳಗ ಒಡೆಯಬಾರದು, ಹೊಂದಿಕೊಂಡು ಹೋಗಬೇಕು, ನೀನು ತಿಳಿದವಳು. ನಾನು ಚಹಾ ಕೊಟ್ಟೆ, ಬಾಗಿಲವರೆಗೆ ಹೋಗಿ ಕಳಿಸಿಬಂದೆ, ಆದರೆ ಮಾತು ಬದಲಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡ ತಟ್ಟೆ ನೋಡುತ್ತಲೇ ಮಾತಾಡಿದರು. "ಒಂದು ಟೋಪಿ ಸಲುವಾಗಿ ಇಷ್ಟು ವರ್ಷದ ಮಂದಿನ್ನ ಬಿಡ್ತೀಯೇನು?"

"ಮಂದಿನ್ನ ನಾ ಬಿಡಾಕತ್ತಿಲ್ಲ. ಒಬ್ಬಾಕಿನ್ನ ಬಿಡು ಅಂತ ಅವ್ರು ಹೇಳಾಕತ್ತಾರ."

"ಚಿತ್ರದಾಗ ಅಷ್ಟ."

"ಚಿತ್ರದಾಗ ಅಷ್ಟ ಅಂದ್ರ, ಅವ್ರಿಗ್ಯಾಕ ಇಷ್ಟು ತ್ರಾಸ ಆಗ್ಯದ?"

ಅವರು ಎದ್ದು ಕೈ ತೊಳೆಯಲು ಹೋದರು. ನಮ್ಮಿಬ್ಬರ ನಡುವೆ ಕೆಲವು ದಿನ ಉಪ್ಪು ಕೊಡು, ಕಾರಿನ ಕೀ ಎಲ್ಲಿ ಎನ್ನುವಷ್ಟೇ ಮಾತು ಉಳಿಯಿತು.

ಗೆಳತಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ನನ್ನಿಂದ ಕೇಳಲಿ ಎನಿಸಿತು. ಮರುದಿನ ದಿಬ್ಬ ಹತ್ತುವಾಗ ನಾವಿಬ್ಬರೇ ಇದ್ದೆವು. ಫೋನಿನಲ್ಲಿ ಚಿತ್ರ ತೋರಿಸಿ ಎಲ್ಲವನ್ನೂ ಹೇಳಿದೆ. ಅವಳು ನಿಲ್ಲಲಿಲ್ಲ, ಹತ್ತುತ್ತಲೇ ಇದ್ದಳು.

"ಯಾವ ಬಣ್ಣದ ಟೋಪಿ ಅಂತ?" ಎಂದು ಕೇಳಿದಳು.

"ಚಾಷ್ಟಿ ಮಾಡಬ್ಯಾಡ."

"ಮತ್ತೇನ್ ಮಾಡ್ಲಿ ಅಕ್ಕಾ? ಅಳ್ಲೇನು? ಇದು ನಂಗ ಹೊಸಾದಲ್ಲ. ಅವ್ರು ಏನಂತಾರ ಅಂತ ನಂಗ ಮೊದ್ಲ ಗೊತ್ತಿತ್ತು." ಮೇಲೆ ಬೆಂಚಿನ ಹತ್ತಿರ ತಲುಪಿದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ನಂಗ ಹೊಸಾದು ಅಂದ್ರ ನೀವು ಮಾಡಿದ್ದು. ನನ್ನ ಯಾಕ ಎಲ್ಲಾರ ಹಿಂದ ಹಾಕೀರಿ?"

ನಾನು ಆ ಜಪಾನಿನ ಚಿತ್ರದ ಬಗ್ಗೆ ಹೇಳಿದೆ. ಅಲ್ಲಿ ಕೊನೆಗೆ ಕಪ್ಪು ಆಕೃತಿಯಿದೆ, ಇಡೀ ಚಿತ್ರದ ತೂಕ ಅದರ ಮೇಲೆ ನಿಂತಿದೆ, ಕಣ್ಣು ಅಲ್ಲಿಂದಲೇ ಮೇಲಕ್ಕೆ ಹತ್ತಬೇಕು ಎಂದೆಲ್ಲ.

"ತೂಕಕ್ಕ ನಿಮ್ಮನ್ನ ಹಾಕ್ಕೋರಿ," ಎಂದಳು. "ಇಷ್ಟು ವರ್ಷ ನನ್ನ ಜೋಡಿ ಅಡ್ಡಾಡೀರಿ. ನಾ ಒಂದಿನಾನೂ ಹಿಂದ ನಡದೀನೇನು? ಆ ಕೋಲು ಬ್ಯಾರೆ. ನಂಗ್ಯಾಕ ಕೋಲು?"

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅಂಗಡಿಯಲ್ಲಿ ಯಾರಿಗೋ ಮಾತ್ರೆ ತೆಗೆದುಕೊಳ್ಳುವ ಕ್ರಮ ಹೇಳುವಂತೆ ಒಂದೊಂದೇ ಮಾತು ಹೇಳಿದಳು. "ಅವ್ರು ನನ್ನ ಕೇಳದ ತಗೀ ಅಂದ್ರು. ನೀವು ನನ್ನ ಕೇಳದ ಹಾಕಿದ್ರಿ. ಈಗ ನನ್ನ ಸಲುವಾಗಿ ಜಗಳಾನೂ ಮಾಡಾಕತ್ತೀರಿ, ಅದನ್ನೂ ಕೇಳಿಲ್ಲ."

"ಹಂಗಾರ ಈಗ ಕೇಳ್ತೇನಿ. ಏನ್ ಮಾಡ್ಲಿ?"

ಅವಳು ದಿಬ್ಬದ ಕೆಳಗೆ ನೋಡಿದಳು. ಡಾಕ್ಟರ್ ಆಂಟಿ ತಮ್ಮ ಎರಡು ಕೋಲುಗಳೊಂದಿಗೆ ಆಗಷ್ಟೇ ಕಾರಿನಿಂದ ಇಳಿಯುತ್ತಿದ್ದರು.

"ನನ್ನ ಮುಂದ ಹಾಕ್ರಿ," ಎಂದಳು. "ಎಲ್ಲಾರಕ್ಕಿಂತ ಮುಂದ. ಆಮ್ಯಾಲ ಅವ್ರಿಗೆ ಬೇಕಾದ್ರ ಇಟ್ಕೊಳ್ಲಿ, ಬ್ಯಾಡಾದ್ರ ಬಿಡ್ಲಿ."

ಮರದಲ್ಲಿ ಕೆತ್ತಿ ತೆಗೆದದ್ದನ್ನು ಮತ್ತೆ ಹಚ್ಚಲು ಬರುವುದಿಲ್ಲ. ಒಬ್ಬರನ್ನು ಅಳಿಸಲು ಒಂದು ಗಳಿಗೆ ಸಾಕು, ಒಬ್ಬರನ್ನು ಹಿಂದಿನಿಂದ ಮುಂದೆ ತರಲು ಎಲ್ಲ ಹಲಗೆಗಳನ್ನೂ ಮೊದಲಿನಿಂದ ಮಾಡಬೇಕು. ಸಂಚಿಕೆ ಅಚ್ಚಿಗೆ ಹೋಗಲು ಹೆಚ್ಚು ಸಮಯವಿರಲಿಲ್ಲ. ನನ್ನ ಗುರುಗಳಿಗೆ ನಡೆದದ್ದನ್ನು ಹೇಳಿದಾಗ ಅವರು ನಮ್ಮ ಬಳಗದ ಬಗ್ಗೆ ಏನೂ ಕೇಳಲಿಲ್ಲ. ಗೋಡೆಗೊರಗಿಸಿದ್ದ ಹೊಸ ಹಲಗೆಗಳನ್ನು ತೋರಿಸಿ, "ಚೆರಿ ಮರದ್ದು ತೆಗೆದುಕೋ. ಸ್ಟುಡಿಯೋ ಬೀಗದ ಕೈ ಕೊಡುತ್ತೇನೆ," ಎಂದರು. ಸ್ವಲ್ಪ ಹೊತ್ತಿನ ನಂತರ ತಾವೇ ಹತ್ತಿರ ಬಂದು, "ಮುಂದಿರುವವಳು ಕಪ್ಪಾಗಿದ್ದರೆ ಚಿತ್ರ ಮುಂದಕ್ಕೆ ವಾಲುತ್ತದೆ. ವಾಲಲಿ. ಬೆಟ್ಟವನ್ನು ಅದಕ್ಕೆ ತಕ್ಕಂತೆ ಬದಲಿಸು," ಎಂದು ಹೇಳಿ ಹೋದರು.

ಹಾಗಾಗಿ ಬೆಟ್ಟವೇ ಬದಲಾಯಿತು. ಜಪಾನಿನ ಚಿತ್ರದ ಬೆಟ್ಟ ಎಡಗಡೆಯಿಂದ ಇಳಿಯುತ್ತ ಬರುತ್ತದೆ. ನಾನು ಇಳಿಜಾರನ್ನು ಕಿತ್ತುಹಾಕಿ ದಾರಿಯನ್ನು ನೆಟ್ಟಗೆ ಮೇಲಕ್ಕೆ ಏರಿಸಿದೆ. ಆವರೆಗೆ ನಾನು ಆ ಹಳೆಯ ಚಿತ್ರದ ನೆರಳಿನಲ್ಲೇ ಕೆತ್ತುತ್ತಿದ್ದೆ, ಅದು ಹೇಳಿದಲ್ಲಿ ಜನರನ್ನು ನಿಲ್ಲಿಸುತ್ತಿದ್ದೆ. ಈಗ ಗೆಳತಿಯ ನಡಿಗೆಗೆ ಬೆಟ್ಟ ಹೊಂದಿಕೊಳ್ಳಬೇಕಿತ್ತು. ಅವಳು ನಡೆಯುವಾಗ ಎಡಗೈ ಬೀಸುವುದಿಲ್ಲ, ಕೋಟಿನ ಕಿಸೆಯಲ್ಲೇ ಇರುತ್ತದೆ. ಬಲಗೈ ಮಾತ್ರ ದೋಣಿಯ ಹುಟ್ಟಿನಂತೆ ಹಿಂದೆ ಮುಂದೆ ಆಡುತ್ತದೆ. ಇಷ್ಟು ವರ್ಷ ಜೊತೆಗೆ ನಡೆದರೂ ಅದನ್ನು ನಾನು ಗಮನಿಸಿರಲಿಲ್ಲ. ದಿಬ್ಬದ ಮೇಲೆ ಬೇಕೆಂದೇ ಹಿಂದೆ ಉಳಿದು ನೋಡಿ ಬರೆದುಕೊಂಡೆ. "ನನ್ನ ಬೆನ್ನ ಹಿಂದ ಏನ್ ಮಾಡಾಕತ್ತೀರಿ?" ಎಂದು ಅವಳು ತಿರುಗದೆಯೇ ಕೂಗುತ್ತಿದ್ದಳು.

ಸಮಿತಿಯ ಸಭೆ ಒಂದು ಭಾನುವಾರ ಮಧ್ಯಾಹ್ನ ಲೈಬ್ರರಿಯ ಕೋಣೆಯಲ್ಲಿತ್ತು. ಗೆಳತಿಯನ್ನು ಬಾ ಎಂದು ಕರೆದೆ. "ನಿಮ್ಮ ಕಮಿಟಿ ಮುಂದ ನಿಂತು ನಾ ಯಾರಂತ ಹೇಳೂದು ನನ್ನ ಕೆಲಸ ಅಲ್ಲ," ಎಂದಳು. ಸರಿಯಾದ ಮಾತೇ. ನಾನೊಬ್ಬಳೇ ಹೋದೆ. ಗಂಡ ಸಮಿತಿಯ ಸದಸ್ಯರಾಗಿ ಮೇಜಿನ ಆ ಕಡೆ ಕೂತಿದ್ದರು. ಹೊಸ ಪ್ರತಿಯನ್ನು ಅವರು ಇನ್ನೂ ನೋಡಿರಲಿಲ್ಲ, ನಾನು ಮನೆಗೆ ತಂದಿರಲಿಲ್ಲ.

ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಯಾರೋ ಒಬ್ಬರು ಉಸಿರು ಬಿಟ್ಟದ್ದು ಕೇಳಿಸಿತು.

"ತೆಗೀತೀರಾ ಅಂದ್ಕೊಂಡ್ರೆ ಮುಂದಕ್ಕೇ ತಂದ್ಬಿಟ್ರಲ್ಲ," ಎಂದರು ಒಬ್ಬ ಸದಸ್ಯರು.

"ಆಕಿ ದಿನಾ ಹಂಗ ನಡೀತಾಳ್ರಿ," ಎಂದೆ. "ಮೊದ್ಲಿನ ಚಿತ್ರದಾಗ ತಪ್ಪಾಗಿತ್ತು. ಸರಿ ಮಾಡೀನಿ."

"ಮೇಡಂ, ಇದು ಆರ್ಟ್ ಗ್ಯಾಲರಿ ಅಲ್ಲ. ನಮ್ಮ ಸಂಸ್ಕೃತಿ ಕಾಣಬೇಕು. ಒಂದು ದೇವಸ್ಥಾನ ಇಲ್ಲ, ಒಂದು ಸೀರೆ ಇಲ್ಲ. ಇವರೆಲ್ಲ ಕನ್ನಡದೋರು ಅಂತ ನೋಡಿದೋರಿಗೆ ಹೇಗೆ ಗೊತ್ತಾಗಬೇಕು?"

"ಅವ್ರು ಮಾತಾಡೂದು ಕೇಳಿದ್ರ ಗೊತ್ತಾಗ್ತದ. ಐದೂ ಮಂದಿ ಕನ್ನಡಾನ ಆಡ್ತಾರ. ನೀವು ದಾರಿ ಅಂತ ಕೇಳಿದ್ರಿ, ನಾ ನಡಿಯೂ ಮಂದೀನ್ನ ಮಾಡಿಕೊಟ್ಟೀನಿ. ಇಟ್ಟ್ರ ಹಿಂಗ ಇಡ್ರಿ. ಇಲ್ಲಂದ್ರ ಬ್ಯಾಡ."

ಅಧ್ಯಕ್ಷರು ಎರಡೂ ಕೈ ಮೇಲೆತ್ತಿ ಸಮಾಧಾನ ಮಾಡಲು ನೋಡಿದರು. ಒಳಪುಟದಲ್ಲಿ ಹಾಕೋಣ, ಚಿಕ್ಕದಾಗಿ, ಕಪ್ಪು ಬಿಳುಪಿನಲ್ಲಿ. ನಾನು ಬೇಡ ಎಂದೆ. ಕೋಣೆಯಲ್ಲಿ ಮಾತು ಜೋರಾಯಿತು. ಆಗ ನನ್ನ ಗಂಡ, ಅಷ್ಟು ಹೊತ್ತೂ ಚಿತ್ರವನ್ನೇ ನೋಡುತ್ತಿದ್ದವರು, ಕುರ್ಚಿಯಿಂದ ಎದ್ದರು.

"ಇಲ್ಲಿ ಹಿಂದ ಕೈ ಕಟ್ಕೊಂಡು ಹೊಂಟಾಂವ ನಾ," ಎಂದು ಕೊನೆಯ ಆಕೃತಿಯನ್ನು ತೋರಿಸಿದರು. "ಆ ಹೆಣ್ಮಗಳು ಮುಂದ ಇರೂದು ಬ್ಯಾಡ ಅಂದ್ರ, ನಾ ಇರೂದೂ ಬ್ಯಾಡ." ಅಷ್ಟು ಹೇಳಿ ಜಾಕೆಟ್ ತೆಗೆದುಕೊಂಡರು.

ಆ ಮಾತು ನನ್ನ ನಿರೀಕ್ಷೆಯಲ್ಲಿರಲಿಲ್ಲ. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ, "ಯಾವಾಗ ಮನಸ್ಸು ಬದ್ಲಿ ಮಾಡಿದ್ರಿ?" ಎಂದು ಕೇಳಿದೆ. "ನಾ ಬದ್ಲಿ ಮಾಡಿಲ್ಲ. ಅವ್ರ ಮಾತು ಕೇಳಿದ ಮ್ಯಾಲ ಕೂಡ್ರಾಕ ಆಗ್ಲಿಲ್ಲ," ಎಂದರು. ಕಾರು ಸ್ಟಾರ್ಟ್ ಮಾಡಿ, ಸ್ವಲ್ಪ ದೂರ ಹೋದ ಮೇಲೆ, "ನನ್ನ ಹೊಟ್ಟಿ ಅಷ್ಟ್ಯಾಕ ದಪ್ಪ ಮಾಡೀದಿ?" ಎಂದರು. ಅಂದಿನಿಂದ ಮನೆಯಲ್ಲಿ ಮಾತು ಮರಳಿತು.

ನಾವು ಗೆದ್ದೆವು ಎಂದು ಹೇಳಲಾರೆ. ಸಂಚಿಕೆ ವಿಧಾನಸೌಧದ ಫೋಟೋ ಹೊತ್ತುಕೊಂಡು ಬಂತು. ಗಂಡ 'ಎಲ್ಲರಿಗೂ ಶುಭವಾಗಲಿ' ಎಂದು ಮೆಸೇಜ್ ಹಾಕಿ ವಾಟ್ಸಾಪ್ ಗುಂಪಿನಿಂದ ಹೊರಬಂದರು. ಹಬ್ಬದೂಟಕ್ಕೆ ಕರೆಯುವವರು ಕಡಿಮೆಯಾದರು. ದಿನಸಿ ಅಂಗಡಿಯಲ್ಲಿ ಎದುರಾದ ಒಬ್ಬರು ಬೇಕೆಂದೇ ಬೇರೆ ಸಾಲಿಗೆ ಹೋದರು. ಅದಕ್ಕಿಂತ ಹೆಚ್ಚು ನೋವಾದದ್ದು ಸ್ಟ್ರೋಲರ್ ಹುಡುಗಿ ಬರುವುದನ್ನು ನಿಲ್ಲಿಸಿದಾಗ. ಅವಳ ಗಂಡ ಆ ಸಮಿತಿಯಲ್ಲಿದ್ದ. ಫೋನ್ ಮಾಡಿ, "ಆಂಟಿ, ಮಗೂಗೆ ಚಳಿ ಆಗತ್ತೆ ಅಂತ ಡಾಕ್ಟ್ರು ಹೇಳಿದಾರೆ," ಎಂದಳು. ಆಯಿತಮ್ಮ ಎಂದೆ. ಡಾಕ್ಟರ್ ಆಂಟಿ ಮಾತ್ರ ಏನೂ ಆಗದವರಂತೆ ದಿನಾ ಬಂದರು. "ನನಗೆ ಮಂಡಿ ನೋವಿದೆ. ಯಾರ್ ಯಾರ ಜೊತೆ ನಡೀಬೇಕು ಅಂತ ಕಮಿಟೀನ ಕೇಳೋಷ್ಟು ಪುರುಸೊತ್ತಿಲ್ಲ," ಎಂದರು.

ವಸಂತದಲ್ಲಿ ಸ್ಟುಡಿಯೋದವರು ವರ್ಷದ ಪ್ರದರ್ಶನ ಇಟ್ಟರು. ಗುರುಗಳು ನನ್ನ ಚಿತ್ರವನ್ನು ಬಾಗಿಲಿಗೆ ನೇರ ಎದುರಿಗೆ ಹಾಕಿಸಿದ್ದರು. ಗೆಳತಿ ಗಂಡನನ್ನೂ ಕಾಲೇಜಿಗೆ ಹೋಗುವ ಮಗಳನ್ನೂ ಕರೆದುಕೊಂಡು ಬಂದಳು. ಮಗಳು ಚಿತ್ರದ ಮುಂದೆ ನಿಂತು, "ದಟ್ಸ್ ಟೋಟಲಿ ಮಾಮ್," ಎಂದು ಒಂದು ಕೈ ಕಿಸೆಯಲ್ಲಿಟ್ಟು, ಇನ್ನೊಂದು ಕೈ ಬೀಸುತ್ತ ಆ ಕೋಣೆಯ ಉದ್ದಕ್ಕೂ ನಡೆದು ತೋರಿಸಿದಳು. ಗೊತ್ತಿಲ್ಲದ ಜನರೂ ನಕ್ಕರು. ಗೆಳತಿ ನಾಚಿಕೊಂಡು ಮಗಳ ತೋಳಿಗೆ ಹೊಡೆದಳು, ಆದರೆ ಚಿತ್ರದ ಎದುರಿನಿಂದ ಬಹಳ ಹೊತ್ತು ಸರಿಯಲಿಲ್ಲ. ನನ್ನ ಮಗಳು ನೇಪರ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು. ಮುಚ್ಚುವ ಹೊತ್ತಿಗೆ ಸ್ಟ್ರೋಲರ್ ಹುಡುಗಿ ಬಂದಳು, ಮಗು ಈಗ ನಡೆಯುತ್ತಿತ್ತು. ಚಿತ್ರದಲ್ಲಿ ತನ್ನನ್ನು ಹುಡುಕಿ ಮಗುವಿಗೆ ತೋರಿಸಿದಳು. ಹೋಗುವಾಗ, "ನಾಳೆ ಎಷ್ಟೊತ್ತಿಗೆ ಆಂಟಿ?" ಎಂದು ಕೇಳಿದಳು. ಹೇಳಿದೆ. ಬಂದಳು.

ಒಂದು ಪ್ರತಿ ಈಗ ಗೆಳತಿಯ ಔಷಧ ಅಂಗಡಿಯಲ್ಲಿ, ಮಾತ್ರೆಗೆ ಕಾಯುವವರು ಕೂರುವ ಜಾಗದಲ್ಲಿದೆ. ಇದು ಜಪಾನಾ ಎಂದು ಜನ ಕೇಳುತ್ತಾರಂತೆ. ಅಲ್ಲ, ಈ ರಸ್ತೆಯ ಆಚೆಗಿರುವ ಪಾರ್ಕು ಎಂದರೆ ನಂಬುವುದಿಲ್ಲವಂತೆ.

ಮೊನ್ನೆ ಬಳಗದ ಹೊಸ ಸಮಿತಿಯಿಂದ ಫೋನ್ ಬಂತು. ಮಕ್ಕಳಿಗೆ ಮರದಚ್ಚಿನ ಶಿಬಿರ ಮಾಡಬೇಕಂತೆ, ನಾನು ಬಂದು ಕಲಿಸಬೇಕಂತೆ. ನವಿಲು, ಆನೆ, ಕಮಲ, ಅಂಥವು ಸಾಕು ಎಂದರು. ಮಾತಾಡಿದವಳು ಚಿಕ್ಕವಳು, ಹಳೆಯದು ಅವಳಿಗೆ ಗೊತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಬರುತ್ತೇನೆ ಎಂದೆ. ಮಕ್ಕಳು ತಮಗೆ ಬೇಕಾದವರನ್ನು ಕೆತ್ತಲಿ, ಯಾರನ್ನು ಅಂತ ನಾವು ಹೇಳುವುದು ಬೇಡ ಎಂದೆ. ನನ್ನ ಜೊತೆ ಕಲಿಸಲು ಒಬ್ಬ ಗೆಳತಿಯೂ ಬರುತ್ತಾಳೆ, ಉಳಿ ಹಿಡಿಯುವುದನ್ನು ಅವಳು ಈ ಚಳಿಗಾಲದಲ್ಲಿ ಕಲಿತಿದ್ದಾಳೆ, ಅವಳ ಹೆಸರೂ ಆಮಂತ್ರಣದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಇರಬೇಕು ಎಂದೆ. ಕಮಿಟಿಯನ್ನು ಕೇಳಿ ಹೇಳುತ್ತೇನೆ ಆಂಟಿ ಎಂದಳು. ಇನ್ನೂ ಹೇಳಿಲ್ಲ. ಮಕ್ಕಳ ಕೈಗೆ ಹಿಡಿಸುವಂಥ ಚಿಕ್ಕ ಹಲಗೆಗಳನ್ನು ನನ್ನ ಗಂಡ ಗ್ಯಾರೇಜಿನಲ್ಲಿ ಕೊಯ್ದು ಉಜ್ಜಿ ಇಟ್ಟಿದ್ದಾರೆ. ಬಳಗದವರು ಕರೆಯದಿದ್ದರೆ ಪಾರ್ಕಿನಲ್ಲೇ ಮೇಜು ಹಾಕುತ್ತೇವೆ.